ನಿಲ್ದಾಣದ ಹೆಸರು ಯಾರ ಸ್ವತ್ತು?

2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ‘ನಮ್ಮ ಮೆಟ್ರೊ’ ಹಳದಿ ಮಾರ್ಗದ ನಿಲ್ದಾಣಗಳ ಪಟ್ಟಿಯಲ್ಲಿ ಮೂರು ಹೆಸರುಗಳು ಗಮನ ಸೆಳೆಯುತ್ತವೆ: ಇನ್ಫೊಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ಊರಿನ ಹೆಸರು ಅಳಿದಿಲ್ಲ, ನಿಜ. ಆದರೆ ಎರಡನೆಯ ಸ್ಥಾನಕ್ಕೆ ಸರಿದಿದೆ. ಇತ್ತ ಉತ್ತರ ಬೆಂಗಳೂರಿನಲ್ಲಿ, ಕೆ.ಆರ್.ಪುರದಿಂದ ನಾಗವಾರ, ಹೆಬ್ಬಾಳ, ಯಲಹಂಕಗಳ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗದ ಕಾಮಗಾರಿ ನಡೆದಿದೆ. ಈ ಮಾರ್ಗದ ಹೆಸರುಗಳ ಕುರಿತು ಮಾತನಾಡುವುದಿದ್ದರೆ ಈಗಲೇ ಮಾತನಾಡಬೇಕು. ಫಲಕ ಏರಿದ ಮೇಲೆ ಆಡುವ ಮಾತು ಬರೀ ರಾಜಕೀಯವಾಗಿಬಿಡುತ್ತದೆ.

ಮೊದಲಿಗೆ ಹೆಬ್ಬಾಳವನ್ನೇ ತೆಗೆದುಕೊಳ್ಳೋಣ. ಮೇಲ್ಸೇತುವೆ ಮತ್ತು ವಾಹನ ದಟ್ಟಣೆಗೆ ಪರ್ಯಾಯಪದವಾಗಿರುವ ಈ ಊರಿನಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಲ್ಲು ಅದು. ಕಿತ್ತಯ್ಯನೆಂಬ ವೀರನ ಮರಣವನ್ನು ದಾಖಲಿಸುವ ಆ ಶಾಸನದಲ್ಲಿ ‘ಪೆರ್ಬೊಳಲ್ ನಾಡು ಮೂವತ್ತು’ ಎಂಬ ಆಡಳಿತ ವಿಭಾಗದ ಉಲ್ಲೇಖವಿದೆ. ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಪಾಲು ಹಾಲಾದಂತೆ, ಪೂವು ಹೂವಾದಂತೆ ಪೆರ್ಬೊಳಲು ಹೆಬ್ಬೊಳಲಾಗಿ, ನಾಲಗೆಯಿಂದ ನಾಲಗೆಗೆ ಸವೆದು ಹೆಬ್ಬಾಳವಾಯಿತು. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದು ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿ. ಲಿಖಿತ ದಾಖಲೆಯ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿಗಿಂತ ಹೆಬ್ಬಾಳ ಸುಮಾರು ಒಂದೂವರೆ ಶತಮಾನ ಹಿರಿಯದು. ಬೆಂದ ಕಾಳಿನ ಕತೆಯನ್ನು ಮಕ್ಕಳಿಗೆ ತಪ್ಪದೆ ಹೇಳುವ ನಾವು ಈ ಸಂಗತಿಯನ್ನು ಹೇಳುವುದಿಲ್ಲ. ಸ್ಥಳೀಯರು ಮತ್ತು ಶಾಸನಾಸಕ್ತರ ಶ್ರಮದಿಂದ ಆ ಕಲ್ಲಿಗೆ ಒಂದು ಮಂಟಪ ದೊರೆತಿದೆ ಎಂಬುದಷ್ಟೇ ಸಮಾಧಾನ.

ಯಲಹಂಕದ ಕತೆಯೂ ಇಂಥದ್ದೇ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ ಪ್ರಕಟವಾದದ್ದು 1905ರಲ್ಲಿ. ಚೋಳರ ಆಳ್ವಿಕೆಯ ಕಾಲದಿಂದ ಬಂದ ‘ಇಲೈಪಾಕ್ಕ ನಾಡು’ ಎಂಬ ತಮಿಳು ರೂಪ, ಹೊಯ್ಸಳರ ಕಾಲದ ‘ಎಲಹಕ್ಕ’, ಕೊನೆಗೆ ಯಲಹಂಕ: ಒಂದೇ ಹೆಸರು ಎರಡು ಭಾಷೆಗಳ ನಡುವೆ ಓಡಾಡಿದ ದಾರಿಯನ್ನು ಶಾಸನಗಳಲ್ಲಿ ಗುರುತಿಸಬಹುದು. 1537ರ ಸುಮಾರಿಗೆ ಬೆಂಗಳೂರಿನ ಕೋಟೆ ಕಟ್ಟಿಸಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ಮನೆತನದವರು. ಅಂದರೆ ಈ ಮಹಾನಗರವೇ ಒಂದರ್ಥದಲ್ಲಿ ಯಲಹಂಕದ ಬಡಾವಣೆ. ಇಂದು ಲೆಕ್ಕ ತಿರುಗಿದೆ, ಇರಲಿ.

ಕೊಡಿಗೇಹಳ್ಳಿಯ ಹೆಸರು ಕಂಡಾಗಲೆಲ್ಲ ನನ್ನೊಳಗಿನ ಹಳೆಯ ಕಂದಾಯ ಅಧಿಕಾರಿ ಎಚ್ಚರಗೊಳ್ಳುತ್ತಾನೆ. ಕೊಡಗೆ ಅಥವಾ ಕೊಡಿಗೆ ಎಂದರೆ ಮಾನ್ಯವಾಗಿ ಬಿಟ್ಟುಕೊಟ್ಟ ಭೂಮಿ. ಕೆರೆ ಕಟ್ಟಿಸಿದವನಿಗೆ, ಕೆರೆಯ ಏರಿ-ತೂಬುಗಳನ್ನು ನೋಡಿಕೊಳ್ಳುವವನಿಗೆ, ಕಾದಾಡಿ ಮಡಿದವನ ಮನೆತನಕ್ಕೆ ಇಂತಹ ಕೊಡುಗೆಗಳು ಸಲ್ಲುತ್ತಿದ್ದವು. ಮೈಸೂರು ಸಂಸ್ಥಾನದ ಇನಾಂ ದಾಖಲೆಗಳಲ್ಲೂ ‘ಕಟ್ಟುಕೊಡಿಗೆ’ ಎಂಬ ವರ್ಗವಿತ್ತು. ಐವತ್ತರ ದಶಕದಿಂದೀಚೆಗೆ ಇನಾಂ ರದ್ದತಿ ಕಾಯ್ದೆಗಳು ಬಂದು ಹಿಡುವಳಿಗಳು ಮುಗಿದವು, ವಹಿಗಳು ದಾಖಲೆ ಕೊಠಡಿ ಸೇರಿದವು. ಕೆರೆಯನ್ನು ಕಾಯುವುದಕ್ಕೂ ಒಂದು ಹಣಕಾಸಿನ ವ್ಯವಸ್ಥೆ ಇತ್ತು ಎಂಬ ಅರ್ಥಶಾಸ್ತ್ರದ ಪಾಠ ಮಾತ್ರ ಈ ಊರಿನ ಹೆಸರಿನಲ್ಲಿ ಉಳಿದುಕೊಂಡಿದೆ.

ಕೆರೆಯ ಮಾತು ಬಂದಿದ್ದರಿಂದ ‘ಸಂದ್ರ’ದ ಬಗ್ಗೆಯೂ ಹೇಳಬೇಕು. ಹಸಿರು ಮಾರ್ಗದ ನಾಗಸಂದ್ರ, ಹಳದಿ ಮಾರ್ಗದ ಸಿಂಗಸಂದ್ರ, ಹೊಂಗಸಂದ್ರ, ಬೊಮ್ಮಸಂದ್ರ ಇವುಗಳ ‘ಸಂದ್ರ’ ಮೂಲತಃ ಸಮುದ್ರ. ಕಡಲು ಕಾಣದ ಈ ಬಯಲುಸೀಮೆಯಲ್ಲಿ ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದರು. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವ ಜಾಗದಲ್ಲಿದ್ದ ಕೆರೆಯ ಹೆಸರು ಧರ್ಮಾಂಬುಧಿ. ಅಂಬುಧಿ ಎಂದರೂ ಸಮುದ್ರವೇ. ಇದು ಕೇವಲ ಭಾಷಾ ಕುತೂಹಲವಲ್ಲ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. ಇಲ್ಲಿ ನೀರು ಎಲ್ಲಿ ನಿಲ್ಲುತ್ತಿತ್ತು, ಎಲ್ಲಿ ಹರಿಯುತ್ತಿತ್ತು ಎಂಬುದನ್ನು ಗ್ರಾಮ ನಕ್ಷೆ ಹೇಳುತ್ತದೆ. ಆದರೆ ಮನೆ ಕೊಳ್ಳುವವರಲ್ಲಿ ಗ್ರಾಮ ನಕ್ಷೆ ನೋಡುವವರು ಎಷ್ಟು ಮಂದಿ? ಊರಿನ ಹೆಸರಾದರೋ ಎಲ್ಲರ ಬಾಯಲ್ಲೂ ಇರುತ್ತದೆ.

ಉಳಿದ ಹೆಸರನ್ನು ಸರಿಯಾಗಿ ಬರೆಯುವುದೂ ಮುಖ್ಯ. ಜಾಲಹಳ್ಳಿಯ ‘ಜಾ’ ದೀರ್ಘ. ವಿಮಾನ ನಿಲ್ದಾಣದ ದಾರಿಯ ದೊಡ್ಡಜಾಲ, ಚಿಕ್ಕಜಾಲಗಳಲ್ಲೂ ಅಷ್ಟೆ. ಇಂಗ್ಲಿಷ್ ಲಿಪಿಯಲ್ಲಿ ಆ ದೀರ್ಘ ಕಾಣುವುದಿಲ್ಲ. ಹೊಸಬರು ‘ಜಲಹಳ್ಳಿ’ ಎಂದು ಓದಿ, ನೀರಿನ ಊರೆಂದು ಅರ್ಥವನ್ನೂ ಮಾಡಿಕೊಳ್ಳುತ್ತಾರೆ. ಯಶವಂತಪುರದ ಪಾಡು ಇನ್ನೊಂದು ಬಗೆ. ಕನ್ನಡದಲ್ಲಿ ಅದು ಸರಳ. ಇಂಗ್ಲಿಷಿನಲ್ಲಿ ರೈಲ್ವೆಯವರು ಬರೆಯುವುದು ‘ಯೆಸ್ವಂತ್‌ಪುರ್’, ಮೆಟ್ರೊದವರು ಬರೆಯುವುದು ‘ಯೆಶ್ವಂತ್‌ಪುರ್’. ಅಕ್ಕಪಕ್ಕದ ಎರಡು ನಿಲ್ದಾಣಗಳು ಒಂದೇ ಊರನ್ನು ಎರಡು ಕಾಗುಣಿತದಲ್ಲಿ ಕರೆಯುತ್ತಿವೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಬೆಂಗಳೂರನ್ನು ಬೆಂಗಳೂರು ಎಂದೇ ಬರೆಯಬೇಕೆಂದು ಅಧಿಕೃತವಾಗಿ ನಿಗದಿಪಡಿಸಿದ ಸರ್ಕಾರಕ್ಕೆ ಈ ಊರುಗಳ ಕಾಗುಣಿತ ದೊಡ್ಡ ಕೆಲಸವೇನಲ್ಲ.

ಹಾಗೆಂದು ಹಳೆಯದೆಲ್ಲ ಪವಿತ್ರ, ಹೊಸದೆಲ್ಲ ಮೈಲಿಗೆ ಎಂಬ ವಾದ ನನ್ನದಲ್ಲ. ಹಸಿರು ಮಾರ್ಗದ ಅತ್ಯಂತ ಚೆಂದದ ಹೆಸರು, ನನ್ನ ಮಟ್ಟಿಗೆ, ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರದ ರಫ್ತು ಕುಸಿದಾಗ, ನಾಲ್ವಡಿಯವರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಇಲ್ಲಿಯೇ ಎಣ್ಣೆ ತೆಗೆಯುವ, ಬಳಿಕ ಸಾಬೂನು ಮಾಡುವ ಉದ್ಯಮ ಹುಟ್ಟಿಕೊಂಡಿತು. ಜನ ಬಸ್ಸಿನಲ್ಲಿ ಹಾಗೆಂದೇ ಟಿಕೆಟ್ ಕೇಳುತ್ತಿದ್ದರು. ಮೆಟ್ರೊ ಅದನ್ನೇ ಒಪ್ಪಿಕೊಂಡಿತು. ರಾಜಾಜಿನಗರವೂ ಹಾಗೆಯೇ ಬೇರೂರಿದ ಹೆಸರು. ಆದರೆ ಆರ್.ಟಿ. ನಗರ ಎನ್ನುವಾಗ ನಮ್ಮಲ್ಲಿ ಎಷ್ಟು ಜನರಿಗೆ ರವೀಂದ್ರನಾಥ ಟ್ಯಾಗೋರ್ ನೆನಪಾಗುತ್ತಾರೆ? ಬಿಟಿಎಂ ಎಂಬ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ನುಂಗಿ ಕುಳಿತಿವೆ. ಗೌರವಕ್ಕೆಂದು ಇಟ್ಟ ಹೆಸರೂ ನಮ್ಮ ನಗರದಲ್ಲಿ ಕೊನೆಗೆ ಇನಿಷಿಯಲ್ ಆಗಿಬಿಡುತ್ತದೆ.

ಮಹನೀಯರ ಹೆಸರಿಡಬೇಕೆನ್ನುವವರು ಇದನ್ನು ಯೋಚಿಸಬೇಕು. ನಾಡಪ್ರಭುಗಳ ಹೆಸರು ಈಗ ಮೆಜೆಸ್ಟಿಕ್‌ನ ಮೆಟ್ರೊ ನಿಲ್ದಾಣಕ್ಕಿದೆ, ಪಕ್ಕದ ಬಸ್ ನಿಲ್ದಾಣಕ್ಕಿದೆ, ಹತ್ತಿರದ ರಸ್ತೆಗಿದೆ, 2013ರಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ವಿಮಾನ ನಿಲ್ದಾಣಕ್ಕೂ ಇದೆ. ಹೊರಗಿನಿಂದ ಬಂದವರು ‘ಕೆಂಪೇಗೌಡ’ ಎಂದರೆ ಎಲ್ಲಿಗೆಂದು ತಿಳಿಯಬೇಕು? ಜನ ಮಾತ್ರ ಇಂದಿಗೂ, ಇಲ್ಲದ ಒಂದು ಚಿತ್ರಮಂದಿರದ ಹೆಸರು ಹಿಡಿದು, ಮೆಜೆಸ್ಟಿಕ್ ಎನ್ನುತ್ತಾರೆ. ಶಿವಾಜಿನಗರ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡುವ ಪ್ರಸ್ತಾವದ ಸುತ್ತ 2025ರ ಸೆಪ್ಟೆಂಬರ್‌ನಲ್ಲಿ ಎದ್ದ ವಿವಾದದ ವಿವರಕ್ಕೆ ನಾನು ಹೋಗುವುದಿಲ್ಲ. ಒಂದು ಹೆಸರು ಒಪ್ಪಿದರೆ ಹತ್ತು ಹೆಸರುಗಳ ಮನವಿ ಸಾಲುಗಟ್ಟುತ್ತದೆ ಎಂಬುದು ಆಡಳಿತದಲ್ಲಿದ್ದವರಿಗೆಲ್ಲ ಗೊತ್ತಿರುವ ಸತ್ಯ.

ಇನ್ನು ಹಣದ ಪ್ರಶ್ನೆ. ಟಿಕೆಟ್ಟಿನಿಂದಾಚೆಗೆ ಆದಾಯ ಹುಡುಕುವುದು ಮೆಟ್ರೊ ನಿಗಮಕ್ಕೆ ಅನಿವಾರ್ಯ. ಅರ್ಥಶಾಸ್ತ್ರ ಓದಿದ ನಾನು ಅದನ್ನು ಅಲ್ಲಗಳೆಯಲಾರೆ. ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಷನ್ 200 ಕೋಟಿ ರೂಪಾಯಿಯ ನೆರವಿಗೆ ಮುಂದಾದದ್ದು ಸಣ್ಣ ಸಂಗತಿಯಲ್ಲ. ಆದರೂ ಅಳತೆಗಾಗಿ ನೋಡಿ: ನೀಲಿ ಮಾರ್ಗದ ಎರಡೂ ಹಂತಗಳಿಗೆ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ವೆಚ್ಚ 14,788 ಕೋಟಿ. ಅಂಥದ್ದೊಂದು ದೊಡ್ಡ ದೇಣಿಗೆಯೂ ಈ ಮೊತ್ತದ ನೂರಕ್ಕೆ ಒಂದೂವರೆ ಪಾಲಿಗಿಂತ ಕಡಿಮೆ. ಮೇಲಾಗಿ, ನಿಲ್ದಾಣದ ಗೋಡೆ, ಕಂಬ, ಮಳಿಗೆಗಳು ನಿಗಮದ ಸ್ವತ್ತು. ಅವನ್ನು ಗುತ್ತಿಗೆಗೆ ಕೊಡಲಿ. ಊರಿನ ಹೆಸರು ನಿಗಮದ ಸ್ವತ್ತಲ್ಲ. ಕಂಪನಿಗಳು ಮಾರಾಟವಾಗುತ್ತವೆ, ಹೆಸರು ಬದಲಿಸುತ್ತವೆ, ಮುಚ್ಚುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಬಾಂಡ್ ಸ್ಟ್ರೀಟ್ ನಿಲ್ದಾಣದ ಫಲಕಗಳನ್ನು ಫ್ಯಾಷನ್ ಸಪ್ತಾಹದ ನಿಮಿತ್ತ ಕೆಲದಿನಗಳ ಮಟ್ಟಿಗೆ ‘ಬರ್ಬೆರಿ ಸ್ಟ್ರೀಟ್’ ಎಂದು ಬದಲಿಸಿದಾಗ ಪ್ರಯಾಣಿಕರು ಗೊಂದಲಕ್ಕೀಡಾದರು. ನಮ್ಮಲ್ಲಿಯೂ ಈ ಪರಿಪಾಠ ಹೊಸದಲ್ಲ. ಪಕ್ಕದ ಮಾಲ್‌ನ ಹೆಸರು ಸಂಪಿಗೆ ರಸ್ತೆಯ ನಿಲ್ದಾಣದ ಹೆಸರಿಗೆ ಮೊದಲೇ ಅಂಟಿಕೊಂಡಿದೆ.

ಆಗಬೇಕಾದ್ದು ಹೆಚ್ಚೇನಿಲ್ಲ. ಊರಿನ ಹೆಸರೇ ಮೊದಲು, ದಾನಿಯ ಹೆಸರು ಏನಿದ್ದರೂ ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ನಿಗದಿತ ಅವಧಿಗೆ ಎಂಬ ಲಿಖಿತ ನಿಯಮ ಬರಲಿ. ಒಬ್ಬ ಶಾಸನತಜ್ಞ, ಒಬ್ಬ ಭಾಷಾವಿಜ್ಞಾನಿ, ಕಂದಾಯ ಇಲಾಖೆಯ ಒಬ್ಬ ಅಧಿಕಾರಿ ಕುಳಿತು ನೀಲಿ ಮಾರ್ಗದ ಪ್ರತಿ ಹೆಸರಿನ ಎರಡೂ ಲಿಪಿಯ ಕಾಗುಣಿತವನ್ನು ನಿಶ್ಚಯಿಸಲಿ. ಹೆಬ್ಬಾಳದ ನಿಲ್ದಾಣದೊಳಗೆ ಪೆರ್ಬೊಳಲಿನ ಶಾಸನದ ಛಾಯಾಚಿತ್ರ, ಯಲಹಂಕದಲ್ಲಿ ಆ ಹೆಸರು ನಡೆದು ಬಂದ ದಾರಿ, ಕೊಡಿಗೇಹಳ್ಳಿಯಲ್ಲಿ ಕೊಡಗೆಯ ಅರ್ಥ ಇರುವ ಒಂದೊಂದು ಫಲಕ ಹಾಕಿದರೆ ಎಷ್ಟು ಖರ್ಚಾದೀತು? ಜಕ್ಕೂರು ಕ್ರಾಸ್, ಬಾಗಲೂರು ಕ್ರಾಸ್‌ಗಳಲ್ಲಿ ಆ ಊರುಗಳು ಹೆದ್ದಾರಿಯಿಂದ ಎಷ್ಟು ದೂರ ಒಳಗಿವೆ ಎಂಬುದನ್ನೂ ಬರೆದರೆ, ರೈಲಿಳಿದು ಅಲ್ಲೇ ಊರನ್ನು ಹುಡುಕುವವರಿಗೆ ಉಪಕಾರವಾದೀತು. ಫಲಕಗಳ ಟೆಂಡರ್ ಕರೆಯುವ ಮುನ್ನ ಈ ಟಿಪ್ಪಣಿ ಕಡತ ಸೇರಬೇಕು. ಕಾರ್ಯಾದೇಶ ಹೊರಟ ಮೇಲೆ ಒಂದು ಅಕ್ಷರ ತಿದ್ದುವುದಕ್ಕೂ ಎಷ್ಟು ಮೇಜುಗಳನ್ನು ದಾಟಬೇಕೆಂಬುದನ್ನು ನಾನು ಬಲ್ಲೆ.