ಕೆಂಗೇರಿಯಲ್ಲಿ ಒಂದು ರೂಮು



ಬದುಕೋಕೆ ಯೋಗ್ಯವಾದ ಊರು ಯಾವುದು ಅಂತ ದೊಡ್ಡವರು ಕೂತು ಮಾರ್ಕು ಹಾಕ್ತಾರೆ. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಂಥದೊಂದು ಪಟ್ಟಿ ಬಿಟ್ಟಿತು. ಒಟ್ಟು 111 ನಗರ. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರುವ ಊರುಗಳಲ್ಲಿ ಬೆಂಗಳೂರಿಗೇ ಮೊದಲ ಸ್ಥಾನ. 2018ರ ಪಟ್ಟಿಯಲ್ಲಿ ಇದೇ ಬೆಂಗಳೂರು 58ನೆಯದಾಗಿತ್ತು. ನಡುವೆ ಏನು ಪವಾಡ ನಡೆಯಿತೋ, ಬೆಳಗಿನ ಜಾವ ಇಲ್ಲಿನ ಬೀದಿ ಗುಡಿಸುವ ನಮ್ಮ ತಾಯಂದಿರನ್ನೇ ಕೇಳಬೇಕು. ಆ ಪಟ್ಟಿಯಲ್ಲಿ ನೀರಿಗೆ, ಆರೋಗ್ಯಕ್ಕೆ, ಸಂಪಾದನೆಗೆ ಅಂಕ ಇದೆ. ಬಾಡಿಗೆ ಮನೆ ಕೇಳಲು ಹೋದವನನ್ನು ಹೊಸ್ತಿಲಾಚೆ ನಿಲ್ಲಿಸಿ ಏನು ಕೇಳುತ್ತಾರೆ ಅನ್ನುವುದಕ್ಕೆ ಮಾತ್ರ ಅಂಕ ಇಲ್ಲ.

ನಾವು ನಾಲ್ವರು ಹಾಸ್ಟೆಲ್ ಬಿಟ್ಟು ಕೆಂಗೇರಿ ಉಪನಗರದ ಕಡೆ ರೂಮು ಹುಡುಕಿದವರು. ಡಿಗ್ರಿ ಮುಗಿದ ಮೇಲೆ ನೀವೂ ಹುಡುಕುವವರೇ. ಅದಕ್ಕೆ ಇದನ್ನು ಬರೆಯುತ್ತಿದ್ದೇವೆ.

ಊರಿನ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇವೆ. ಕೆಂಗೇರಿ 2007ರವರೆಗೆ ತನ್ನದೇ ಪುರಸಭೆ ಇದ್ದ ಊರು. ಆ ವರ್ಷ ಬೆಂಗಳೂರಿನ ಹೊಟ್ಟೆಗೆ ಸೇರಿತು. ಮೈಸೂರು ಕಡೆಯ ರೈಲು ಸಿಗುತ್ತೆ, ಬಸ್ಸು ಸಿಗುತ್ತೆ, 2021ರ ಆಗಸ್ಟಿನಲ್ಲಿ ಮೆಟ್ರೋ ಕೂಡ ಬಂತು. ಜ್ಞಾನಭಾರತಿ ಪಕ್ಕದಲ್ಲೇ. ಓದುವ ಹುಡುಗರಿಗೆ ಇದು ಸಣ್ಣ ಮಾತಲ್ಲ. ಸಂತೆ ತರಕಾರಿ ಪರವಾಗಿಲ್ಲ, ಊಟದ ಖರ್ಚು ನಾಲ್ವರು ಸೇರಿ ಅಡುಗೆ ಮಾಡಿದರೆ ಹೇಗೋ ತೂಗುತ್ತೆ. ನಮ್ಮ ಅಕ್ಕತಂಗಿಯರಿಗೆ 2023ರ ಜೂನಿನಿಂದ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಮೆಟ್ರೋ ಮಾತ್ರ 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟನ್ನು 60ರಿಂದ 90 ರೂಪಾಯಿಗೆ ಏರಿಸಿಕೊಂಡಿತು. ತಲೆಯ ಮೇಲೆ ಮೆಟ್ರೋ ಹೋಗುತ್ತೆ, ಕೆಳಗೆ ನಾವು ಬಸ್ಸಿಗೆ ಕಾಯುತ್ತೇವೆ.

ಇನ್ನು ಬಾಡಿಗೆ. ನಾವು ಕೇಳಿದ ಒಂದು ರೂಮು, ಒಂದು ಅಡುಗೆಮೂಲೆಗೆ 8 ಸಾವಿರ, ಅಡ್ವಾನ್ಸು 60 ಸಾವಿರ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಕೂಡದು ಅನ್ನುತ್ತೆ. ಅದು ಮಾದರಿ ಮಾತ್ರ, ರಾಜ್ಯಗಳಿಗೆ ಕಡ್ಡಾಯ ಅಲ್ಲ. ಈ ಕಡೆ ನಮ್ಮ ಸ್ಕಾಲರ್‌ಶಿಪ್ ನೋಡಿ. ಮೆಟ್ರಿಕ್ ನಂತರದ ಕೇಂದ್ರ ಯೋಜನೆಯಲ್ಲಿ 2020-21ರಿಂದ, ಹಾಸ್ಟೆಲಿನ ಹೊರಗೆ ಇದ್ದು ಬಿ.ಎ. ಓದುವವನಿಗೆ ಫೀಸು ಬಿಟ್ಟು ಕೊಡುವ ಭತ್ಯೆ 3,000 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ. ತಿಂಗಳಿಗೆ 250 ಬಿತ್ತು. ಈ ಲೆಕ್ಕ ಹಾಕಿದವರು ಯಾವ ಊರಲ್ಲಿ ಬಾಡಿಗೆಗೆ ಇದ್ದರೋ!

ಹೋಗಲಿ, ದುಡ್ಡನ್ನು ಊರಲ್ಲಿ ಸಾಲ ಮಾಡಿ ಹೊಂದಿಸಿದೆವು. ಮನೆ ಯಜಮಾನರು ರೂಮು ತೋರಿಸಿದರು, ನಲ್ಲಿ ತಿರುಗಿಸಿ ನೀರೂ ತೋರಿಸಿದರು. ಆಮೇಲೆ ಶುರುವಾಯಿತು.

"ಯಾವ ಕಡೆಯವರಪ್ಪಾ?"

"ಚಾಮರಾಜನಗರ ಸಾರ್."

"ಅದಲ್ಲಪ್ಪಾ, ನೀವು ಯಾವ ಪೈಕಿ ಅಂತ?"

ಹೇಳಿದೆವು. ಮುಖ ಸಿಂಡರಿಸಲಿಲ್ಲ, ಬೈಯಲಿಲ್ಲ. "ನಮ್ಮ ಮನೇವ್ರನ್ನ ಒಂದ್ಮಾತು ಕೇಳ್ತೀನಿ, ಸಂಜೆ ಫೋನ್ ಮಾಡಿ" ಅಂದರು. ಸಂಜೆ ಮಾಡಿದರೆ, "ಅಯ್ಯೋ, ಮನೆ ಈಗಷ್ಟೇ ಹೋಯ್ತಲ್ಲಪ್ಪಾ!" ಮುಂದಿನ ಭಾನುವಾರವೂ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಹೀಗೇ ಆರು ಭಾನುವಾರ. ನಮ್ಮಲ್ಲೊಬ್ಬ ಭಾನುವಾರ ಡೆಲಿವರಿ ಕೆಲಸ ಮಾಡುವವನು, ಆರು ದಿನದ ಕೂಲಿ ಹೋಯಿತು. ಕೊನೆಗೆ ಸಿಕ್ಕಿದ್ದು ವೃಷಭಾವತಿ ಕಡೆ. ನಗರದ ಕೊಳಚೆ, ಕಾರ್ಖಾನೆ ನೀರು ಎಲ್ಲ ಹೊತ್ತು ಬರುವ ಹೊಳೆ ಅದು. ರಾತ್ರಿ ಕಿಟಕಿ ತೆಗೆಯೋ ಹಾಗಿಲ್ಲ. ಬಾಡಿಗೆ ಅದೇ 8 ಸಾವಿರ. ನಾವು ಕೊಡುತ್ತಿರುವುದು ಬಾಡಿಗೆ ಮಾತ್ರ ಅಲ್ಲ, ಜಾತಿಯ ಕಂದಾಯ.

ಇದು ನಮ್ಮ ನಾಲ್ವರ ಹಣೆಬರಹ ಅಂದುಕೊಳ್ಳಬೇಡಿ. ದಿಲ್ಲಿ ಮತ್ತು ಅದರ ಸುತ್ತಲಿನ ನೋಯ್ಡಾ, ಗುರಗಾಂವ್‌ನಂಥ ಊರುಗಳಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ಹೆಸರು ಬದಲಿಸಿ ಬದಲಿಸಿ ಮನೆ ಕೇಳಿ ಫೋನು ಮಾಡಿಸಿದರು. ವರದಿ 2015ರಲ್ಲಿ ಅಚ್ಚಾಯಿತು. ಮೇಲ್ಜಾತಿ ಹೆಸರಿಗೆ ಒಬ್ಬರೂ ಇಲ್ಲ ಅನ್ನಲಿಲ್ಲ. ದಲಿತ ಹೆಸರಿಗೆ ನೂರಕ್ಕೆ 18, ಮುಸ್ಲಿಂ ಹೆಸರಿಗೆ ನೂರಕ್ಕೆ 31 ಮಂದಿ ಇಲ್ಲ ಅಂದರು.

ಕಾನೂನು ಇಲ್ಲವೇ? ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಡ್ಡಿ ಮಾಡುವುದು ಅಪರಾಧ. ಆದರೆ "ಮನೆ ಈಗಷ್ಟೇ ಹೋಯ್ತು" ಅನ್ನುವವನನ್ನು ಯಾವ ಸ್ಟೇಷನ್ನಿಗೆ ಎಳೆಯೋಣ? ಕಾರಣ ಅವನ ಬಾಯಿಂದ ಬರುವುದೇ ಇಲ್ಲ.

1917ರಲ್ಲಿ ಬರೋಡಾದಲ್ಲಿ ಬಾಬಾಸಾಹೇಬರು ಪಾರ್ಸಿ ಹೆಸರಿನಲ್ಲಿ ಒಂದು ವಸತಿಗೃಹದಲ್ಲಿದ್ದರು. ಹನ್ನೊಂದನೆಯ ದಿನ ಕೋಲು ಹಿಡಿದು ಬಂದವರು ಹೊರಗೆ ಹಾಕಿದರು. ಕೊಲಂಬಿಯಾದಲ್ಲಿ ಓದಿ ಬಂದಿದ್ದವರು ಅವರು. ಇವತ್ತೂ ನಮ್ಮ ಕೆಲವು ಗೆಳೆಯರು ಬೇರೆ ಜಾತಿ ಹೇಳಿ ರೂಮು ಹಿಡಿದಿದ್ದಾರೆ. ನಾವು ಅವರನ್ನು ಹಳಿಯುವುದಿಲ್ಲ. ಆದರೆ ಅವರ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇಲ್ಲ. ಊರಿಂದ ಅವ್ವ ಬಂದರೆ, "ಅವ್ವಾ, ಯಾರೇನ್ ಕೇಳುದ್ರೂ ಕೇರಿ ಹೆಸ್ರು ಎತ್‌ಬ್ಯಾಡ" ಅಂತ ಬಸ್‌ಸ್ಟ್ಯಾಂಡಿನಲ್ಲೇ ಪಾಠ ಹೇಳಿಕೊಡಬೇಕು. ಮಗನ ರೂಮಿನಲ್ಲಿ ಎರಡು ದಿನ ಅವ್ವ ಬಾಯಿ ಬಿಗಿದು ಕೂತಿರುತ್ತಾಳೆ. ಈ ಖರ್ಚನ್ನು ಯಾವ ಕಾಲಮಿನಲ್ಲಿ ಬರೆಯುತ್ತಾರೆ?

ಆದ್ದರಿಂದ ನಾವೇ ಒಂದು ಪಟ್ಟಿ ಶುರುಮಾಡಿದ್ದೇವೆ. ಇನ್ನೂರು ಪುಟದ ನೋಟ್‌ಬುಕ್ಕು. ಬಡಾವಣೆ ಮತ್ತು ರಸ್ತೆ, ಬಾಡಿಗೆ ಮತ್ತು ಅಡ್ವಾನ್ಸು, ನೀರು ಬರುವ ದಿನ, ಬಾಗಿಲಲ್ಲಿ ಕೇಳಿದ ಪ್ರಶ್ನೆ. ಯಜಮಾನರ ಹೆಸರು ಬೇಡ. ಏನೂ ಕೇಳದೆ ಬೀಗದ ಕೈ ಕೊಟ್ಟವರಿದ್ದರೆ ಅದನ್ನು ಮೊದಲು ಬರೆಯಿರಿ, ಜೂನಿಯರ್ ಹುಡುಗರನ್ನು ನೇರ ಅಲ್ಲಿಗೇ ಕಳಿಸಬಹುದು. ಮುಂದಿನ ಸಭೆಯಲ್ಲಿ ಈ ಪತ್ರಿಕೆ ಮಾರುವ ಮೇಜಿನ ಮೇಲೆ ನೋಟ್‌ಬುಕ್ಕು ಇರುತ್ತೆ. ಪೆನ್ನು ನೀವೇ ತನ್ನಿ, ಹೋದ ಸಲ ಇಟ್ಟ ಎರಡೂ ಮಾಯವಾದವು.