ಭಟ್ಟಿಯ ಹೊಗೆ ಮತ್ತು ನಮ್ಮ ಹುಡುಗರು



ಮುಂಬಯಿಯ ಕಟ್ಟಿಗೆ, ಇದ್ದಿಲಿನ ಭಟ್ಟಿಗಳು ಆರು ತಿಂಗಳೊಳಗೆ ಗ್ಯಾಸ್ ಅಥವಾ ಇತರ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಆದೇಶಿಸಿತು. "ಕಟ್ಟಡಗಳ ಧೂಳು, ವಾಹನಗಳ ಹೊಗೆ ಬಿಟ್ಟು ನಮ್ಮ ತಂದೂರ್ ಮಾತ್ರ ಕಣ್ಣಿಗೆ ಬಿತ್ತೇ?" ಎಂದು ಗೊಣಗಿದೆವು. ಅದೇ ಆದೇಶ ಅವುಗಳನ್ನೂ ಬಿಟ್ಟಿರಲಿಲ್ಲ.

ಹೊಗೆಯಲ್ಲಿರುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತಕ್ಕೂ ಸೇರಬಲ್ಲವು. ಅದನ್ನು ಎಲ್ಲರಿಗಿಂತ ಮೊದಲು ಉಸಿರಾಡುವವನು ದಿನವಿಡೀ ಭಟ್ಟಿಯ ಮುಂದೆ ನಿಲ್ಲುವ ನಮ್ಮ ತಂದೂರಿನ ಹುಡುಗ. ಗಲ್ಲಾದಲ್ಲಿ ಕೂತ ನಾವು ಆಮೇಲೆ.

ರೊಟ್ಟಿಯ ರುಚಿ ಕೆಡುತ್ತದೆಂಬ ಚಿಂತೆ ಸಹಜ. ಹೊಸ ಭಟ್ಟಿಗೆ ಕೈ ಪಳಗಿಸಿಕೊಳ್ಳಬಹುದು, ಕೆಟ್ಟ ಎದೆಯನ್ನು ರಿಪೇರಿ ಮಾಡಲಾಗದು. ಬಾಕಿ ಉಳಿದವರು ನೋಟೀಸಿಗೆ ಕಾಯದೆ ಈಗಲೇ ಬದಲಿಸಲಿ.