ಕ್ರೂಕ್ಸ್‌ನ ಕೋಣೆ ಯಾಕೆ ಬೇರೆ?

ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' (1937) ಬಗ್ಗೆ ಬರೆಯೋರೆಲ್ಲ 'ಮನುಷ್ಯನ ಒಂಟಿತನ' ಅಂತ ನಿಟ್ಟುಸಿರು ಬಿಡ್ತಾರೆ. ಯಾವ ಮನುಷ್ಯ ಸ್ವಾಮಿ? ಜಾರ್ಜ್, ಲೆನ್ನಿ ಊರೂರು ಅಲೆಯೋ ಕೂಲಿಗಳು, ನಿಜ. ಆದ್ರೆ ಉಳಿದ ಆಳುಗಳ ಜೊತೆ ಮಲಗೋಕೆ ಜಾಗ ಇದೆ, ಇಸ್ಪೀಟಿಗೆ ಜನ ಇದ್ದಾರೆ, ಹತ್ತೆಕರೆ ಜಮೀನಿನ ಕನಸಿದೆ. ಲಾಯದ ಆಳು ಕ್ರೂಕ್ಸ್ ಕಪ್ಪು ಮನುಷ್ಯ. ನಾರ್ತಾನಂತೆ! ಅದಕ್ಕೇ ಕುದುರೆ ಸಾಮಾನಿನ ಕೋಣೇಲಿ ಒಬ್ಬನೇ. ಇದನ್ನ ಬಹಿಷ್ಕಾರ ಅನ್ನೋಕೆ ವಿಮರ್ಶಕರಿಗೆ ಬಾಯಿ ಬರಲ್ವಾ?

ಅವನ ಹತ್ರ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್‌ನ ಹರಕು ಪ್ರತಿ ಇದೆ. ಕಾನೂನು ಪುಸ್ತಕ ಇಟ್ಕೊಂಡವನು! ಧಣಿಯ ಸೊಸೆ (ಅವಳೂ ಅಲ್ಲಿ ಒಂಟಿನೇ) ನೇಣಿನ ಬೆದರಿಕೆ ಹಾಕಿದ ಕೂಡ್ಲೇ ಗೋಡೆಗೊರಗಿ ಮುದುರಿಕೊಳ್ತಾನೆ. ಆ ಹತ್ತೆಕರೇಲಿ ಬರೀ ಊಟಕ್ಕೆ ದುಡೀತೀನಿ ಅಂತ ಈಗಷ್ಟೇ ಕೇಳಿಕೊಂಡಿದ್ದನ್ನೂ, ತಮಾಷೆಗೆ ಅಂದೆ ಅಂತ ವಾಪಸ್ ತಗೋತಾನೆ.